ಕಟ್ಟುವ ಕೈ, ಕೂಡಿ ಬಾಳುವ ನೆರೆ

ಹೊಸ ಮನೆ ಕಟ್ಟಿಸುವವರು ಎರಡು ಆಯ್ಕೆ ಮಾಡಬೇಕಾಗುತ್ತದೆ. ಯಾರ ಕೈಯಲ್ಲಿ ಕಟ್ಟಿಸಬೇಕು ಎಂಬುದು ಒಂದು, ಯಾರ ಪಕ್ಕದಲ್ಲಿ ಕಟ್ಟಿಸಬೇಕು ಎಂಬುದು ಇನ್ನೊಂದು. ಚದರಕ್ಕೆ ಎಷ್ಟು ದರ, ಸೈಟಿನ ಬೆಲೆ ಮುಂದೆ ಎಷ್ಟು ಏರೀತು, ಮಕ್ಕಳ ಶಾಲೆ ಎಷ್ಟು ದೂರ ಎಂಬ ಲೆಕ್ಕದಲ್ಲಿ ಇಂದು ಎರಡೂ ತೀರ್ಮಾನವಾಗುತ್ತವೆ. ಆ ಲೆಕ್ಕ ತಪ್ಪಲ್ಲ. ಆದರೆ ಮನೆ ಕಟ್ಟುವುದೆಂದರೆ ನೆಲ ಅಗೆಯುವುದು, ಇತರರ ದುಡಿಮೆಯನ್ನು ಕೊಳ್ಳುವುದು, ಇನ್ನೊಬ್ಬರ ಗೋಡೆಯ ಮಗ್ಗುಲಲ್ಲಿ ತಲೆಮಾರುಗಟ್ಟಲೆ ಬದುಕುವುದು. ಆದ್ದರಿಂದಲೇ ಧರ್ಮಗ್ರಂಥಗಳೂ ನೀತಿಶಾಸ್ತ್ರಗಳೂ ಇದನ್ನು ಸರಿತಪ್ಪಿನ ಪ್ರಶ್ನೆಯಾಗಿ ಎತ್ತಿಕೊಂಡಿವೆ. ಅವುಗಳನ್ನು ಒಟ್ಟಿಗೆ ಓದಿದರೆ ಎರಡು ಆಯ್ಕೆಗಳ ಸ್ವರೂಪ ಬೇರೆ ಬೇರೆ ಎಂಬುದು ತಿಳಿಯುತ್ತದೆ. ಕಟ್ಟುವವರನ್ನು ಆರಿಸುವುದು ನಂಬಿಕೆಯ ವಿಷಯ. ಹಣ ಚುಕ್ತಾ ಆಗಿ ಗೃಹಪ್ರವೇಶ ಮುಗಿದ ಮೇಲೆ ಆ ಸಂಬಂಧ ಬಹುಮಟ್ಟಿಗೆ ಮುಗಿಯುತ್ತದೆ. ನೆರೆಯನ್ನು ಆರಿಸಿದವರಾದರೋ ಆ ಗಳಿಗೆಯಲ್ಲೇ ತಾವೂ ಯಾರಿಗೋ ನೆರೆಯವರಾಗುತ್ತಾರೆ, ಮತ್ತು ಅವರನ್ನು ಬೇಕು ಬೇಡ ಎನ್ನುವ ಅವಕಾಶ ಆ ಇನ್ನೊಬ್ಬರಿಗೆ ಇರುವುದಿಲ್ಲ.

ವಾಸ್ತುಗ್ರಂಥಗಳು ಮೊದಲು ನೆಲದ ವಿಚಾರ ಮಾಡುತ್ತವೆ. ತಮಿಳು ಸೀಮೆಯ ದೇವಾಲಯ ಪರಂಪರೆಗೆ ಸೇರಿದ ‘ಮಯಮತ’ದಲ್ಲಿ ಭೂಮಿಯ ಪರೀಕ್ಷೆ, ಭೂಮಿಯನ್ನು ವಶಕ್ಕೆ ತೆಗೆದುಕೊಳ್ಳುವ ವಿಧಿ ಎರಡೂ ಮುಗಿದ ನಂತರವೇ ಕುಶಲಕರ್ಮಿಗಳ ವಿವರ ಬರುತ್ತದೆ. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಮಣ್ಣಿನ ಪರೀಕ್ಷೆ ಸರಳವಾಗಿದೆ. ಒಂದು ಮೊಳದ ಗುಂಡಿ ತೆಗೆದು ಅದೇ ಮಣ್ಣನ್ನು ಮತ್ತೆ ತುಂಬಬೇಕು. ಮಣ್ಣು ಮಿಕ್ಕರೆ ನೆಲ ಉತ್ತಮ, ಸರಿಹೋದರೆ ಮಧ್ಯಮ, ಸಾಲದೆ ಹೋದರೆ ಬೇಡ. ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ಹೋಗಿ ಬಂದು ನೋಡುವ ಇನ್ನೊಂದು ಪರೀಕ್ಷೆಯೂ ಇದೆ. ನೀರು ಇಳಿಯದಿದ್ದರೆ ನೆಲ ಗಟ್ಟಿ. ಪಾಯ ಹಾಕುವವರಿಗೆ ಇಂದಿಗೂ ಅರ್ಥವಾಗುವ ಮಾತಿದು.

ಬೃಹತ್ಸಂಹಿತೆಯ ಅದೇ ಅಧ್ಯಾಯ ನೆರೆಯ ಬಗ್ಗೆಯೂ ಮಾತಾಡುತ್ತದೆ. ಮಂತ್ರಿಯ ಮನೆಯ ಪಕ್ಕದಲ್ಲಿದ್ದರೆ ಧನನಾಶ, ಧೂರ್ತನ ಪಕ್ಕದಲ್ಲಿದ್ದರೆ ಸಂತಾನಕ್ಕೆ ಕೇಡು, ದೇವಾಲಯದ ಪಕ್ಕದಲ್ಲಿ ಮನಸ್ಸಿಗೆ ಉದ್ವೇಗ, ನಾಲ್ಕು ದಾರಿ ಕೂಡುವಲ್ಲಿ ಅಪಕೀರ್ತಿ. ಶಕುನದ ಭಾಷೆಯನ್ನು ಪಕ್ಕಕ್ಕಿಟ್ಟರೆ ಇಲ್ಲಿ ಅನುಭವದ ತಿಳಿವಳಿಕೆ ಕಾಣುತ್ತದೆ: ಅಧಿಕಾರಸ್ಥರ ನೆರಳು, ಕೆಟ್ಟವರ ಸಹವಾಸ, ಸದಾ ಜನ ಸೇರುವ ಜಾಗದ ಗದ್ದಲ, ಇವು ಮನೆಯ ಬದುಕನ್ನು ಒಳಗಿನಿಂದ ಬದಲಿಸುತ್ತವೆ. ಪಾಲಿ ಸಾಹಿತ್ಯದ ಮಂಗಲಸುತ್ತವೂ ಯೋಗ್ಯವಾದ ಪ್ರದೇಶದಲ್ಲಿ ವಾಸಿಸುವುದನ್ನು ಮಂಗಲಗಳಲ್ಲಿ ಒಂದಾಗಿ ಎಣಿಸುತ್ತದೆ. ಯಹೂದಿ ಹಿರಿಯರ ನೀತಿವಚನಗಳಲ್ಲಿ ಕೆಟ್ಟ ನೆರೆಯಿಂದ ದೂರವಿರಬೇಕೆಂಬ ಉಪದೇಶವಿದೆ. ಮನೆಗಿಂತ ಮೊದಲು ನೆರೆಯವನನ್ನು ನೋಡು ಎಂಬ ಗಾದೆ ಅರಬ್ಬರದು. ಎಚ್ಚರದ ಮಟ್ಟದಲ್ಲಿ ಇವರೆಲ್ಲರ ಮಾತು ಒಂದೇ.

ಎಚ್ಚರ ಎಲ್ಲಿ ಮುಗಿದು ದೂರವಿಡುವುದು ಎಲ್ಲಿ ಶುರುವಾಗುತ್ತದೆ ಎಂಬುದು ಕಷ್ಟದ ಪ್ರಶ್ನೆ. ಬೃಹತ್ಸಂಹಿತೆಯೇ ಬಿಳಿ, ಕೆಂಪು, ಹಳದಿ, ಕಪ್ಪು ಮಣ್ಣುಗಳನ್ನು ನಾಲ್ಕು ವರ್ಣಗಳಿಗೆ ಹಂಚುತ್ತದೆ. ಮಣ್ಣಿನ ಬಣ್ಣಕ್ಕೂ ಮನುಷ್ಯನ ಹುಟ್ಟಿಗೂ ಗಂಟು ಹಾಕಿದ ಮೇಲೆ ಊರನ್ನು ಕೇರಿಗಳಾಗಿ ಒಡೆಯಲು ಬೇರೆ ಶಾಸ್ತ್ರ ಬೇಕಾಗಿಲ್ಲ. ಆದರೆ ಇಷ್ಟೆಲ್ಲ ಹೇಳಿದ ವರಾಹಮಿಹಿರ ಅಲ್ಲಿಯೇ, ಯಾರ ಮನಸ್ಸು ಯಾವ ನೆಲದಲ್ಲಿ ನೆಮ್ಮದಿ ಪಡೆಯುತ್ತದೋ ಅವರಿಗೆ ಆ ನೆಲ ಶುಭ ಎಂಬ ಅರ್ಥದ ಮಾತನ್ನೂ ಸೇರಿಸಿದ್ದಾನೆ. ಶಾಸ್ತ್ರ ತಾನಾಗಿ ತೆರೆದಿಟ್ಟ ಈ ಬಾಗಿಲನ್ನು ವಾಸ್ತು ಹೇಳುವವರು ಹೆಚ್ಚಾಗಿ ನೆನಪಿಸಿಕೊಳ್ಳುವುದಿಲ್ಲ ಎಂಬುದು ಬೇಸರದ ಸಂಗತಿ.

ನೆಲ, ನೆರೆ, ಕಟ್ಟುವ ಕೈ ಮೂರನ್ನೂ ಒಂದೇ ನಿಯಮದೊಳಗೆ ತಂದದ್ದು ಬೌದ್ಧ ಭಿಕ್ಷುಗಳ ನಡವಳಿಕೆಯ ಕಟ್ಟಳೆಯಾದ ವಿನಯ. ಗೃಹಸ್ಥರಿಗಾಗಿ ಬರೆದ ನಿಯಮ ಅಲ್ಲದಿದ್ದರೂ ಮನೆ ಕಟ್ಟುವುದರ ನೈತಿಕ ಪ್ರಶ್ನೆಯನ್ನು ಇಷ್ಟು ಬಿಡಿಸಿ ನೋಡಿದ ಪ್ರಾಚೀನ ಬರಹ ಅಪರೂಪ. ಆಳವಿ ಎಂಬ ಊರಿನ ಭಿಕ್ಷುಗಳು ತಮತಮಗೆ ಕುಟಿ ಕಟ್ಟಿಕೊಳ್ಳಲು ಹೊರಟು ಆಳು ಕೊಡಿ, ಎತ್ತು ಕೊಡಿ, ಬಂಡಿ ಕೊಡಿ, ಕೊಡಲಿ ಕೊಡಿ ಎಂದು ಊರವರನ್ನು ಬೇಡುತ್ತ ಹೋದರು. ಕುಟಿಗಳಿಗೆ ಅಳತೆಯಿರಲಿಲ್ಲ, ಆದ್ದರಿಂದ ಬೇಡಿಕೆಗೂ ಕೊನೆಯಿರಲಿಲ್ಲ. ಜನ ಭಿಕ್ಷುಗಳನ್ನು ಕಂಡರೆ ದಾರಿ ಬದಲಿಸತೊಡಗಿದರು, ಬಾಗಿಲು ಹಾಕಿಕೊಂಡರು. ದೂರದಲ್ಲಿ ಹಸುಗಳನ್ನು ಕಂಡು ಭಿಕ್ಷುಗಳೆಂದುಕೊಂಡು ಓಡಿದವರೂ ಇದ್ದರಂತೆ. ಅಲ್ಲಿಗೆ ಬಂದ ಹಿರಿಯ ಭಿಕ್ಷು ಮಹಾಕಸ್ಸಪನಿಗೆ ಭಿಕ್ಷೆ ಸಿಗುವುದೇ ಕಷ್ಟವಾದಾಗ ವಿಷಯ ಬುದ್ಧನವರೆಗೆ ಹೋಯಿತು.

ಆಗ ಬಂದ ನಿಯಮಕ್ಕೆ ನಾಲ್ಕು ಮುಖ. ತನಗಾಗಿ, ಬೇಡಿ ತಂದ ಸಾಮಗ್ರಿಯಿಂದ ಕಟ್ಟುವ ಕುಟಿ ಉದ್ದಕ್ಕೆ 12 ಗೇಣು, ಒಳಅಗಲಕ್ಕೆ 7 ಗೇಣು ಮೀರಕೂಡದು; ಈ ಗೇಣು ಬುದ್ಧನ ಅಳತೆಯದು. ಕಟ್ಟುವ ಮೊದಲು ಇತರ ಭಿಕ್ಷುಗಳನ್ನು ಕರೆದು ಜಾಗ ತೋರಿಸಿ ಒಪ್ಪಿಗೆ ಪಡೆಯಬೇಕು. ಜಾಗ ಯಾರಿಗೂ ಬಾಧೆಯಾಗದಂತಿರಬೇಕು: ಇರುವೆ, ಗೆದ್ದಲು, ಹಾವು, ಚೇಳುಗಳ ನೆಲೆಯಾಗಿರಬಾರದು, ಬೆಳೆಯ ಹೊಲಕ್ಕೋ ಸುಡುಗಾಡಿಗೋ ವಧಾಸ್ಥಾನಕ್ಕೋ ಹತ್ತಿಕೊಂಡಿರಬಾರದು. ಕೊನೆಯದಾಗಿ, ಸುತ್ತ ಒಂದು ಬಂಡಿ ತಿರುಗಿ ಬರುವಷ್ಟು ಎಡೆ ಬಿಡಬೇಕು. ಇಂದಿನ ನಗರಪಾಲಿಕೆಗಳ ‘ಸೆಟ್‌ಬ್ಯಾಕ್’ ನಿಯಮವೂ ಗಾಳಿ ಬೆಳಕಿಗೆ, ಬೆಂಕಿ ಹತ್ತಿದಾಗ ಓಡಾಟಕ್ಕೆ ಎಡೆ ಬಿಡಿ ಎನ್ನುತ್ತದೆ. ವಿನಯದ ನಿಯಮ ಒಂದು ಹೆಜ್ಜೆ ಮುಂದೆ ಹೋಗಿ, ಕಟ್ಟುವ ಜಾಗ ಸರಿಯೋ ಎಂದು ನಿರ್ಧರಿಸುವ ಅಧಿಕಾರವನ್ನು ಕಟ್ಟುವವನ ಕೈಯಿಂದ ತೆಗೆದು ಜೊತೆಗಾರರ ಕೈಗೆ ಕೊಡುತ್ತದೆ. ಮನೆ ತನ್ನದಾದರೂ ಅದರ ಬಾಧೆ ತನ್ನೊಬ್ಬನದಲ್ಲ ಎಂಬ ತಿಳಿವು ಅದರ ಹಿಂದಿದೆ.

ಕಟ್ಟುವವರ ವಿಷಯಕ್ಕೆ ಬಂದರೆ, ಮಯಮತ ನಾಲ್ವರನ್ನು ಹೆಸರಿಸುತ್ತದೆ: ಇಡೀ ಕೆಲಸದ ಹೊಣೆ ಹೊತ್ತ ಸ್ಥಪತಿ, ಅಳತೆಯ ದಾರ ಹಿಡಿಯುವ ಸೂತ್ರಗ್ರಾಹಿ, ಕಲ್ಲು ಮರ ಕಡಿದು ಕೆತ್ತುವ ತಕ್ಷಕ, ಅವನ್ನು ಜೋಡಿಸಿ ನಿಲ್ಲಿಸುವ ವರ್ಧಕಿ. ಸ್ಥಪತಿಗೆ ಗಣಿತ ತಿಳಿದಿರಬೇಕು, ಚಿತ್ರ ತಿಳಿದಿರಬೇಕು. ಜೊತೆಗೆ ಸತ್ಯವಂತನಾಗಿರಬೇಕು, ಮತ್ಸರ ಲೋಭ ಇರಬಾರದು, ವ್ಯಸನಗಳಿಂದ ದೂರವಿರಬೇಕು. ಕೌಶಲ ಮತ್ತು ಶೀಲವನ್ನು ಒಂದೇ ಪಟ್ಟಿಯಲ್ಲಿ ಸೇರಿಸಿದ್ದು ಯಾಕೆಂದು ಕಟ್ಟಡದ ಕೆಲಸ ಹತ್ತಿರದಿಂದ ನೋಡಿದವರಿಗೆ ಗೊತ್ತು. ಈ ಕಸುಬಿನಲ್ಲಿ ಮುಖ್ಯವಾದದ್ದೆಲ್ಲ ಮುಚ್ಚಿಹೋಗುತ್ತದೆ. ಕಂಬದ ಕಂಬಿಗೆ ರಿಂಗುಗಳನ್ನು ಎಷ್ಟು ಅಂತರದಲ್ಲಿ ಕಟ್ಟಿದರು, ಕಂಬಿಗೂ ಸೆಂಟ್ರಿಂಗ್ ಹಲಗೆಗೂ ನಡುವೆ ಕವರ್ ಬ್ಲಾಕ್ ಇಟ್ಟರೋ ಇಲ್ಲವೋ, ಕಾಂಕ್ರೀಟಿಗೆ ನೀರು ಹೆಚ್ಚು ಸುರಿದರೋ ಎಂಬುದು ಮೋಲ್ಡಿಂಗ್ ಮುಗಿದ ಮಾರನೆಯ ದಿನ ಯಾರಿಗೂ ಕಾಣುವುದಿಲ್ಲ. ಕ್ಯೂರಿಂಗ್ ಕೂಡ ಹಾಗೆಯೇ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ 10 ದಿನ ತೇವ ಆರದಂತೆ ನೋಡಿಕೊಳ್ಳಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಆದರೆ ಭಾನುವಾರ ಮೇಸ್ತ್ರಿ ಊರಿಗೆ ಹೋದಾಗ ಗೋಣಿತಾಟಿಗೆ ನೀರು ಬಿದ್ದಿತೋ ಇಲ್ಲವೋ ಎಂಬುದು ಅಲ್ಲಿ ಉಳಿದ ಕೆಲಸಗಾರನ ಮನಸ್ಸಾಕ್ಷಿಗೆ ಬಿಟ್ಟದ್ದು. ಪ್ಲಾಸ್ಟರಿಂಗ್ ಮುಗಿದ ಮೇಲೆ ಒಳ್ಳೆಯ ಕೆಲಸವೂ ಕಳಪೆ ಕೆಲಸವೂ ಒಂದೇ ರೀತಿ ಕಾಣುತ್ತವೆ.

ಕಾಣದ ಕೆಲಸಕ್ಕೆ ಹೊಣೆ ಹೊರಿಸುವ ಪ್ರಯತ್ನ ಬಹಳ ಹಳೆಯದು. ಸುಮಾರು 3,750 ವರ್ಷ ಹಿಂದಿನ ಬ್ಯಾಬಿಲೋನಿನ ಹಮ್ಮುರಾಬಿಯ ಶಾಸನದಲ್ಲಿ, ಕಟ್ಟಿದ ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಯಜಮಾನನ ಮಗ ಸತ್ತರೆ ಕಟ್ಟಿದವನ ಮಗನಿಗೆ. ನಿರಪರಾಧಿ ಮಗುವಿನ ಪ್ರಾಣ ತೆಗೆಯುವ ಈ ನ್ಯಾಯವನ್ನು ಯಾವ ವಿವೇಕವೂ ಒಪ್ಪಲಾರದು. ಆದರೆ ಗೋಡೆ ಸಡಿಲಾದರೆ ಕಟ್ಟಿದವನು ತನ್ನ ಖರ್ಚಿನಲ್ಲಿ ಗಟ್ಟಿ ಮಾಡಿಕೊಡಬೇಕು ಎಂಬ ಅದರ ಇನ್ನೊಂದು ಕಲಮು ಇಂದಿಗೂ ಬೇರೆ ರೂಪದಲ್ಲಿ ಬದುಕಿದೆ. ಭಾರತದ 2016ರ ರಿಯಲ್ ಎಸ್ಟೇಟ್ ಕಾಯ್ದೆಯಂತೆ, ಮನೆ ಹಸ್ತಾಂತರಿಸಿದ 5 ವರ್ಷದೊಳಗೆ ರಚನೆಯಲ್ಲೋ ಕೆಲಸದಲ್ಲೋ ದೋಷ ಕಂಡುಬಂದು ತಿಳಿಸಿದರೆ 30 ದಿನದೊಳಗೆ ಬಿಲ್ಡರ್ ಉಚಿತವಾಗಿ ಸರಿಪಡಿಸಬೇಕು. ಕೊಳ್ಳುವವರಿಂದ ಪಡೆದ ಹಣದ ಶೇ. 70 ಭಾಗ ಪ್ರತ್ಯೇಕ ಖಾತೆಯಲ್ಲಿರಬೇಕು. ಇದು ಮಾರಾಟದ ಯೋಜನೆಗಳಿಗೆ ಅನ್ವಯಿಸುವ ಕಾಯ್ದೆ. ತಮ್ಮ 30x40 ಸೈಟಿನಲ್ಲಿ ಮೇಸ್ತ್ರಿಯನ್ನು ಹಿಡಿದು ಲೇಬರ್ ಕಂಟ್ರಾಕ್ಟಿನಲ್ಲಿ ಕಟ್ಟಿಸಿಕೊಳ್ಳುವವರಿಗೆ ಗ್ರಾಹಕ ನ್ಯಾಯಾಲಯದ ದಾರಿ ಇದ್ದರೂ ದಿನದಿನದ ಕಾವಲು ಅವರ ನಂಬಿಕೆ ಮಾತ್ರ.

ಆ ನಂಬಿಕೆ ಒಮ್ಮುಖವಾದದ್ದಲ್ಲ ಎಂಬುದು ಆಚರಣೆಗಳಲ್ಲಿ ಕಾಣುತ್ತದೆ. ಗುದ್ದಲಿ ಪೂಜೆಯಲ್ಲಿ ಮೇಸ್ತ್ರಿಗೆ ಎಲೆ ಅಡಿಕೆ ಕಾಣಿಕೆ ಕೊಡುತ್ತಾರೆ, ಬಾಗಿಲು ನಿಲ್ಲಿಸುವ ದಿನ ಬಡಗಿಗೆ ಗೌರವ ಸಲ್ಲುತ್ತದೆ, ಮೋಲ್ಡಿಂಗ್ ದಿನ ಎಲ್ಲರಿಗೂ ಸಿಹಿಯೂಟ, ಗೃಹಪ್ರವೇಶಕ್ಕೆ ಹೊಸ ಬಟ್ಟೆ. ಇವು ಒಂದು ದಿನದ ಮರ್ಯಾದೆ. ವರ್ಷವಿಡೀ ನಡೆಯುವುದು ಬೇರೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದಲೋ ಬಿಹಾರ, ಒಡಿಶಾದಿಂದಲೋ ಬಂದ ಕುಟುಂಬ ಸೈಟಿನ ಮೂಲೆಯ ತಗಡಿನ ಶೆಡ್ಡಿನಲ್ಲಿ ವಾಸಿಸುತ್ತದೆ. ಸಂಪಿನ ನೀರು ಕುಡಿಯುತ್ತದೆ, ರಾತ್ರಿ ಸಿಮೆಂಟು ಕಂಬಿ ಕಾಯುತ್ತದೆ. ಮಕ್ಕಳು ಮರಳಿನ ರಾಶಿಯ ಮೇಲೆ ಬೆಳೆಯುತ್ತಾರೆ. ಹೊಸ ಬಡಾವಣೆಯ ಮೊದಲ ನಿವಾಸಿಗಳು ಅವರೇ, ಆದರೆ ಗೃಹಪ್ರವೇಶವಾದ ಕೂಡಲೇ ಅವರು ಅಲ್ಲಿಂದ ಏಳಬೇಕು. ಕಟ್ಟಡ ವೆಚ್ಚದ ಶೇ. 1ರಷ್ಟು ಸೆಸ್ಸನ್ನು ಅವರ ಕಲ್ಯಾಣಕ್ಕೆಂದು ಸಂಗ್ರಹಿಸುವ ಕ್ರಮ 1996ರ ಕಾಯ್ದೆಯಿಂದ ಬಂದದ್ದು. ಬಿಲ್ಡರನ್ನು ಆರಿಸುವಾಗ ದರವನ್ನೂ ಹಿಂದೆ ಕಟ್ಟಿದ ಮನೆಗಳನ್ನೂ ನೋಡುವವರು ಅವನ ಕೆಲಸಗಾರರು ಎಲ್ಲಿ ಮಲಗುತ್ತಾರೆ, ಶೌಚಕ್ಕೆ ಎಲ್ಲಿಗೆ ಹೋಗುತ್ತಾರೆ, ಬಟವಾಡೆ ವಾರವಾರ ಆಗುತ್ತದೆಯೇ ಎಂದು ಕೇಳುವುದು ಅಪರೂಪ. ಕಟ್ಟುವವರ ಆಯ್ಕೆಯಲ್ಲಿ ಧರ್ಮದ ಪ್ರಶ್ನೆ ಇರುವುದು ಮುಖ್ಯವಾಗಿ ಇಲ್ಲಿ. ಕಳಪೆ ಕೆಲಸದಿಂದ ತನಗಾಗುವ ನಷ್ಟ ಜಾಣತನಕ್ಕೆ ಸಂಬಂಧಿಸಿದ್ದು; ತನ್ನ ಮನೆ ಏಳುವಾಗ ಇನ್ನೊಬ್ಬರಿಗಾಗುವ ನಷ್ಟ ಹಾಗಲ್ಲ.

ನೆರೆಯವರ ನಡುವಿನ ಹಕ್ಕುಬಾಧ್ಯತೆಗಳನ್ನು ಕೌಟಿಲ್ಯನ ಅರ್ಥಶಾಸ್ತ್ರ ವಿವರವಾಗಿ ಕೊಡುತ್ತದೆ. ಮನೆ, ಹೊಲ, ಕೆರೆಗಳ ತಕರಾರು ನೆರೆಯವರ ಸಾಕ್ಷ್ಯದ ಮೇಲೆ ತೀರ್ಮಾನವಾಗಬೇಕು. ಪಕ್ಕದ ಗೋಡೆಯಿಂದ ಇಷ್ಟು ದೂರ ಬಿಡಬೇಕು, ನೀರು ಹೊರಗೆ ಹರಿದುಹೋಗಲು ಮೋರಿ ಇರಬೇಕು, ಇನ್ನೊಬ್ಬರ ಗೋಡೆಗೆ ನೀರು ಇಳಿದು ಹಾನಿಯಾದರೆ ದಂಡ. ಮನೆಯೊಡೆಯರು ಒಟ್ಟಾಗಿ ಮಾತಾಡಿಕೊಂಡು ಒಪ್ಪಿಗೆಯಿಂದ ಬೇರೆ ರೀತಿ ಕಟ್ಟಿಕೊಳ್ಳಲೂಬಹುದು. ಮನೆ ಮಾರುವಾಗ ಕೊಳ್ಳುವ ಮೊದಲ ಹಕ್ಕು ಬಂಧುಗಳಿಗೆ, ನಂತರ ನೆರೆಯವರಿಗೆ, ಆಮೇಲೆ ಸಾಲ ಕೊಟ್ಟವರಿಗೆ. ಇಸ್ಲಾಮಿ ನ್ಯಾಯಶಾಸ್ತ್ರದ ಶುಫಾ ಕೂಡ ಇಂಥ ಮೊದಲ ಹಕ್ಕೇ. ಹನಫಿ ಪಂಥ ಅದನ್ನು ಅಕ್ಕಪಕ್ಕದವರಿಗೂ ಕೊಡುತ್ತದೆ, ಇತರ ಪಂಥಗಳು ಜಂಟಿ ಒಡೆಯರಿಗಷ್ಟೇ. ಕುರಾನು ಹತ್ತಿರದ ನೆರೆಯವರ ಜೊತೆಗೆ ಪರಕೀಯರಾದ ನೆರೆಯವರನ್ನೂ ಒಳಿತಿಗೆ ಅರ್ಹರೆಂದು ಹೆಸರಿಸುತ್ತದೆ.

ನೆರೆಯವರಿಗೆ ಮೊದಲ ಹಕ್ಕು ಎಂಬುದು ಕೇಳಲು ಹಿತವಾಗಿದೆ. ಆದರೆ ಅದೇ ಹಕ್ಕು ಹೊಸಬರನ್ನು ಬರಗೊಡದಿರಲು ಅಸ್ತ್ರವೂ ಆಗುತ್ತದೆ. 1962ರಲ್ಲಿ ಸುಪ್ರೀಂ ಕೋರ್ಟ್ ಜಂಟಿ ಒಡೆಯರ ಮೊದಲ ಹಕ್ಕನ್ನು ಉಳಿಸಿ, ಬರಿಯ ನೆರೆಹೊರೆಯ ನೆಲೆಯಲ್ಲಿ ಕೇಳುವ ಹಕ್ಕನ್ನು ಸಂವಿಧಾನಕ್ಕೆ ವಿರುದ್ಧವೆಂದು ತಳ್ಳಿಹಾಕಿತು. 2005ರಲ್ಲಿ ಅದೇ ನ್ಯಾಯಾಲಯ ಅಹಮದಾಬಾದಿನ ಪಾರ್ಸಿ ಗೃಹ ಸಹಕಾರ ಸಂಘವೊಂದು ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂದು ಮಾಡಿಕೊಂಡ ಉಪವಿಧಿಯನ್ನು ಎತ್ತಿಹಿಡಿಯಿತು. ಎಣಿಕೆಯಲ್ಲಿ ಕ್ಷೀಣಿಸುತ್ತಿರುವ ಸಮುದಾಯವೊಂದು ತನ್ನವರ ನಡುವೆ ಬಾಳಲು ಬಯಸುವುದಕ್ಕೆ ಕಾರಣವಿದೆ. ಆದರೆ ದೊಡ್ಡ ಸಮುದಾಯಗಳೂ ಅದೇ ವಾದ ಹಿಡಿದರೆ, ಎಲ್ಲಿಯೂ ಬಹುಸಂಖ್ಯಾತರಲ್ಲದವರು ನಗರದಲ್ಲಿ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಉತ್ತರವಿಲ್ಲ.

ಆ ಪ್ರಶ್ನೆ ಅಂಬೇಡ್ಕರರ ಬದುಕಿನಲ್ಲಿ ಕಣ್ಣಿಗೆ ಕಟ್ಟುವಂತೆ ಬಂದಿದೆ. 1917ರಲ್ಲಿ ವಿದೇಶದ ಓದಿನಿಂದ ಮರಳಿ ಬರೋಡಾ ಸಂಸ್ಥಾನದ ಸೇವೆಗೆ ಬಂದ ಅವರಿಗೆ ಉಳಿಯಲು ಮನೆ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ತಂಗುದಾಣದಲ್ಲಿದ್ದರು. 11ನೆಯ ದಿನ ಕೋಲು ಹಿಡಿದ ಗುಂಪು ಬಂದು ಅವರನ್ನು ಹೊರಹಾಕಿತು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ ಇಬ್ಬರೂ ಮನೆಯಲ್ಲಿ ಇಟ್ಟುಕೊಳ್ಳಲಾಗದೆ ನೆಪ ಹೇಳಿದರು. ಮುಂಬಯಿಯ ರೈಲಿನ ಹೊತ್ತಾಗುವವರೆಗೆ ಊರಿನ ಉದ್ಯಾನದಲ್ಲಿ ಕುಳಿತು ಕಾಲ ಕಳೆದುದನ್ನು ಅವರೇ ಬರೆದಿದ್ದಾರೆ. ಅಲ್ಲಿ ಯಾರೂ ತಾವು ಕೆಟ್ಟವರೆಂದು ಭಾವಿಸಿರಲಾರರು. ತಮ್ಮ ನೆರೆಯನ್ನು ಕಾಪಾಡಿಕೊಳ್ಳುತ್ತಿದ್ದೇವೆ ಎಂದೇ ತಿಳಿದಿದ್ದರು. ಸಸ್ಯಾಹಾರಿಗಳಿಗೆ ಮಾತ್ರ ಎಂಬ ಇಂದಿನ ಬಾಡಿಗೆ ಫಲಕಗಳಲ್ಲಿ, ಹೆಸರು ಕೇಳಿದ ಮೇಲೆ ಬದಲಾಗುವ ದಲ್ಲಾಳಿಯ ದನಿಯಲ್ಲಿ ಆ ನಂಬಿಕೆ ಇನ್ನೂ ಇದೆ.

ಬಡಾವಣೆಯ ನಕ್ಷೆಯಲ್ಲೂ ಇದು ಅಚ್ಚಾಗಿ ಉಳಿಯಬಲ್ಲದು. 1898ರ ಪ್ಲೇಗಿನ ಹೊತ್ತಿಗೆ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡಾಗ ಗಾಳಿ, ಬೆಳಕು, ನೈರ್ಮಲ್ಯದ ಹೊಸ ವಿಚಾರ ಅವುಗಳ ಹಿಂದಿತ್ತು. ಹಿತ್ತಿಲ ಬದಿಯಲ್ಲಿ ಕನ್ಸರ್ವೆನ್ಸಿ ಗಲ್ಲಿಗಳನ್ನು ಬಿಟ್ಟಿದ್ದರು. ಮಲ ಹೊರುವವರು ಬೀದಿಯ ಬಾಗಿಲಿಗೆ ಬರದೆ ಆ ಗಲ್ಲಿಯಿಂದಲೇ ಬಂದು ಹೋಗಬೇಕಿತ್ತು. ಮನೆಯನ್ನು ಚೊಕ್ಕಟವಾಗಿಟ್ಟವರಿಗೆ ಮನೆಯ ಮುಂದೆ ಹಾದಿಯಿಲ್ಲದ ಊರುಗಳನ್ನು ಒಳ್ಳೆಯ ನೆರೆ ಎಂದೇ ಕರೆಯುತ್ತಿದ್ದರು. ಇಂದು ಆ ಗಲ್ಲಿಗಳಲ್ಲಿ ಕೆಲವು ಕಾಲುದಾರಿಗಳಾಗಿವೆ, ಕೆಲವು ಒತ್ತುವರಿಯಾಗಿವೆ. ಹೊಸ ಗೇಟೆಡ್ ಬಡಾವಣೆಗಳಲ್ಲಿ ಮನೆಗೆಲಸದವರಿಗೆ ಬೇರೆ ಗೇಟು, ಬೇರೆ ಲಿಫ್ಟು ಇಡುವ ರೂಢಿಯನ್ನು ನೋಡಿದರೆ ಗಲ್ಲಿ ಹೋದರೂ ಅದರ ಹಿಂದಿನ ಯೋಚನೆ ಪೂರ್ತಿ ಹೋಗಿಲ್ಲ ಎನಿಸುತ್ತದೆ.

ನೆರೆಯವನು ಯಾರು ಎಂಬ ಪ್ರಶ್ನೆಯನ್ನು ತಿರುಗಿಸಿ ಇಟ್ಟ ಪ್ರಸಿದ್ಧ ಪ್ರಸಂಗ ಲೂಕನ ಸುವಾರ್ತೆಯಲ್ಲಿದೆ. ಧರ್ಮಶಾಸ್ತ್ರಿಯೊಬ್ಬ ಯೇಸುವನ್ನು ತನ್ನ ನೆರೆಯವನು ಯಾರೆಂದು ಕೇಳುತ್ತಾನೆ. ಪ್ರೀತಿಗೆ ಯಾರು ಅರ್ಹರು, ಯಾರು ಅಲ್ಲ ಎಂದು ಗೆರೆ ಎಳೆದುಕೊಳ್ಳುವ ಆಸೆ ಆ ಪ್ರಶ್ನೆಯಲ್ಲಿದೆ. ಉತ್ತರವಾಗಿ ಬಂದ ಕಥೆಯಲ್ಲಿ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿ ಆರೈಕೆ ಮಾಡುವವನು ಯಹೂದಿಗಳು ದೂರವಿಟ್ಟಿದ್ದ ಸಮಾರಿಯದವನು. ಕಥೆಯ ಕೊನೆಯಲ್ಲಿ ಯೇಸು ಕೇಳುವುದು, ಬಿದ್ದವನಿಗೆ ನೆರೆಯವನಾದದ್ದು ಯಾರು ಎಂದು. ಅಲ್ಲಿಗೆ ನೆರೆತನ ಎಂಬುದು ಮನೆಯ ವಿಳಾಸದಿಂದ ಬರುವ ಗುಣವಾಗಿ ಉಳಿಯುವುದಿಲ್ಲ, ಮಾಡಿ ತೋರಿಸಬೇಕಾದ ಕೆಲಸವಾಗುತ್ತದೆ. ಒಳ್ಳೆಯ ನೆರೆ ಹುಡುಕುವವರಿಗೆ ಇದಕ್ಕಿಂತ ಕಠಿಣವಾದ ಮಾತು ಇನ್ನೊಂದಿಲ್ಲ.

ಕಣ್ಣಿಗೆ ಬೀಳದ ನೆರೆಯವರೂ ಇದ್ದಾರೆ; ನೀರು ಅಂಥದ್ದು. ಬೆಂಗಳೂರಿನ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಪಳಿಯಾಗಿ ಕಟ್ಟಿದವು. ಧರ್ಮಾಂಬುಧಿ ಕೆರೆಯ ಅಂಗಳ ಕೆಂಪೇಗೌಡ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕೋರಮಂಗಲದ ಎಸ್‌.ಟಿ. ಬೆಡ್ ಬಡಾವಣೆ ಹೆಸರಿನಲ್ಲೇ ಸಿನಿವಾಗಿಲು ಕೆರೆಯ ಅಂಗಳವನ್ನು ಹೊತ್ತಿದೆ. ಜೋರು ಮಳೆ ಬಂದಾಗ ನೀರು ಅಲ್ಲಿಗೆ ಮರಳಿ ಬರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ದುಬಾರಿ ವಿಲ್ಲಾಗಳಲ್ಲಿದ್ದವರನ್ನೂ ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ಆ ಪೈಕಿ ಎಷ್ಟೋ ಮನೆಗಳ ಕಟ್ಟಡ ಗಟ್ಟಿಮುಟ್ಟಾಗಿಯೇ ಇತ್ತು. ರಾಜಕಾಲುವೆಯನ್ನು ಕಿರಿದು ಮಾಡಿ ಎದ್ದ ಬಡಾವಣೆ ತನ್ನ ಪಾಲಿನ ನೀರನ್ನು ಕೆಳಗಿನ ಕೊಳೆಗೇರಿಗೂ ದಾಟಿಸುತ್ತದೆ, ಮತ್ತು ಅಲ್ಲಿಗೆ ಟ್ರ್ಯಾಕ್ಟರು ತಡವಾಗಿ ಬರುತ್ತದೆ. ನೆಲವನ್ನು ವಶಕ್ಕೆ ತೆಗೆದುಕೊಳ್ಳುವಾಗ ಅಲ್ಲಿ ನೆಲೆಸಿದ ಭೂತಗಣಗಳಿಗೆ ಬಲಿ ಕೊಟ್ಟು, ಬೇರೆಡೆಗೆ ಹೋಗಿರೆಂದು ಬೇಡಿಕೊಳ್ಳುವ ವಿಧಿ ಮಯಮತದಲ್ಲಿದೆ. ನೆಲ ಎಂದೂ ಖಾಲಿಯಿರಲಿಲ್ಲ ಎಂಬ ಅರಿವು ಆ ಬೇಡಿಕೆಯಲ್ಲಿದೆ. ನೀರಿನ ದಾರಿಯ ವಿಷಯದಲ್ಲಿ ಅಂಥ ಬೇಡಿಕೆ ಫಲಿಸುವುದಿಲ್ಲ. ದಾರಿ ಬಿಟ್ಟೇ ಕಟ್ಟಬೇಕು.

ಎರಡು ಆಯ್ಕೆಗಳಲ್ಲಿ ಒಂದನ್ನು ಬಿಟ್ಟುಕೊಡಬೇಕಾಗಿ ಬಂದರೆ ಯಾವುದು ಮೇಲು? ಒಳ್ಳೆಯ ಮೇಸ್ತ್ರಿ ಸಿಕ್ಕರೂ ಕೆರೆಯಂಗಳದ ಸೈಟು ಕೆರೆಯಂಗಳವೇ. ಸಾಧಾರಣ ಕೆಲಸದ ಮನೆಯನ್ನು ವರ್ಷ ವರ್ಷ ರಿಪೇರಿ ಮಾಡಿಕೊಳ್ಳಬಹುದು, ನೆಲವನ್ನು ಬದಲಿಸಲಾಗದು. ಆದ್ದರಿಂದ ನೆಲದ, ನೀರಿನ, ದಾರಿಯ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟಾಗಿ ಆರಿಸಿದರೂ ತಪ್ಪಿಲ್ಲ. ಕಟ್ಟಡ ಗಟ್ಟಿಯಿರಬೇಕೆಂಬಲ್ಲಿಯೂ ಹಟ ಸರಿ. ಮನುಷ್ಯರ ವಿಷಯಕ್ಕೆ ಬಂದಾಗ ಆ ಕಟ್ಟುನಿಟ್ಟು ಸಲ್ಲದು. ಹಿಂಸೆ, ವಂಚನೆ ನಡೆಸುವವರಿಂದ ದೂರವಿರುವುದು ಬೇರೆ, ಹುಟ್ಟು, ಊಟ, ನುಡಿ ನೋಡಿ ದೂರವಿರುವುದು ಬೇರೆ.

ಆಯ್ಕೆಯನ್ನೇ ಮೊಟಕುಗೊಳಿಸಿ ನೋಡಿದ ಪ್ರಯೋಗಗಳೂ ಇವೆ. ಸಿಂಗಪುರದ ಬಹುಪಾಲು ಜನ ಸರ್ಕಾರಿ ವಸತಿ ಮಂಡಳಿಯ ಫ್ಲ್ಯಾಟುಗಳಲ್ಲಿದ್ದಾರೆ. ಅಲ್ಲಿ 1989ರಿಂದ ಚೀನಿ, ಮಲಯ, ಭಾರತೀಯ ಮೂಲದವರಿಗೆ ಪ್ರತಿ ಕಟ್ಟಡದಲ್ಲೂ ಮಿತಿ ಗೊತ್ತುಮಾಡಿದ್ದಾರೆ, ಒಂದೇ ಸಮುದಾಯ ಒಂದೇ ಕಡೆ ಗುಂಪುಗೂಡಬಾರದೆಂದು. ಮಾರುವಾಗ ಅಲ್ಪಸಂಖ್ಯಾತರಿಗೆ ಕೊಳ್ಳುವವರು ಕಡಿಮೆ ಸಿಗುತ್ತಾರೆ ಎಂಬ ನಿಜವಾದ ತೊಂದರೆ ಅದರಲ್ಲಿದೆ. ಕರ್ನಾಟಕದಲ್ಲಿ ಲಾಟರಿ ಎತ್ತಿ ನಿವೇಶನ ಹಂಚಿದ ಬಡಾವಣೆಗಳಲ್ಲಿ ಯಾರ ಪಕ್ಕ ಯಾರು ಎಂಬುದನ್ನು ಚೀಟಿ ನಿರ್ಧರಿಸಿದೆ, ಅಲ್ಲಿಯೂ ಜನ ಒಬ್ಬರ ಮನೆಯ ಸಂಪಿನಿಂದ ಇನ್ನೊಬ್ಬರ ಮನೆಯ ಕ್ಯೂರಿಂಗಿಗೆ ನೀರು ಕೊಟ್ಟಿದ್ದಾರೆ.

ಕಟ್ಟಲೇಬೇಕೇ ಎಂಬ ಪ್ರಶ್ನೆಯನ್ನೂ ಪರಂಪರೆ ಕೇಳಿದೆ. ಭಾಗವತದ ಅವಧೂತ ತನ್ನ ಗುರುಗಳಲ್ಲಿ ಹಾವನ್ನೂ ಎಣಿಸುತ್ತಾನೆ: ಅದು ತಾನು ಕಟ್ಟದೆ ಇತರರು ಕಟ್ಟಿದ್ದರಲ್ಲಿ ಸುಖವಾಗಿರುತ್ತದೆ, ಅಳಿಯುವ ದೇಹಕ್ಕೆ ಮನೆ ಕಟ್ಟುವುದು ದುಃಖ. ಸಂನ್ಯಾಸಿಗೆ ಒಪ್ಪುವ ಈ ಪಾಠ ಮಕ್ಕಳೊಂದಿಗರಿಗೆ ಒಗ್ಗದು. ಕನ್ನಡ ನಾಡಿನಲ್ಲಿ ಬಹುಕಾಲ ಬೇರೂರಿದ ಜೈನಧರ್ಮ ಗೃಹಸ್ಥರಿಗೆ ನಡುದಾರಿ ಕೊಟ್ಟಿದೆ. ಸಂಕಲ್ಪಪೂರ್ವಕ ಹಿಂಸೆಯನ್ನು ಶ್ರಾವಕ ಪೂರ್ತಿ ಬಿಡಬೇಕು. ಅಡಿಗೆ, ಮನೆ ಕಟ್ಟುವುದು ಮೊದಲಾದ ಬಾಳಿನ ಕೆಲಸಗಳಲ್ಲಿ ಆಗುವ ಆರಂಭೀ ಹಿಂಸೆ ಅವನಿಗೆ ತಪ್ಪದ್ದರಿಂದ ಅದನ್ನು ಆದಷ್ಟು ಕಡಿಮೆ ಮಾಡಬೇಕು. ಪರಿಗ್ರಹ ಪರಿಮಾಣ ವ್ರತ ಹಿಡಿದವರು ತಮಗೆ ಎಷ್ಟು ಹೊಲ, ಎಷ್ಟು ಮನೆ ಸಾಕು ಎಂದು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಆ ಗಡಿ ದಾಟುವುದನ್ನು ‘ತತ್ತ್ವಾರ್ಥಸೂತ್ರ’ ವ್ರತದ ಅತಿಚಾರಗಳಲ್ಲಿ ಎಣಿಸುತ್ತದೆ. ಅಳತೆ ಇಲ್ಲಿ ಸೈಟಿನ ಉದ್ದಗಲದಿಂದಲೋ ಬ್ಯಾಂಕು ಕೊಡುವ ಸಾಲದಿಂದಲೋ ಬರುವುದಿಲ್ಲ. ಬಿಲ್ಡರನ್ನೂ ಬಡಾವಣೆಯನ್ನೂ ಹುಡುಕುವ ಮೊದಲೇ ಮನೆಯವರು ಕುಳಿತು ಇಷ್ಟು ಸಾಕು ಎಂದು ತಮ್ಮೊಳಗೆ ತೀರ್ಮಾನಿಸಿಕೊಂಡ ಅಳತೆ ಅದು.